ಕತ್ತಲಾಗುವ ಮೊದಲು ಧಕ್ಕೆಗೆ: ‘ಡ್ರೆಜ್’ ಆಟದ ಸಮಗ್ರ ಮಾರ್ಗದರ್ಶಿ

ಮಂಗಳೂರಿನ ಹಳೆ ಬಂದರಿನವರಿಗೆ ‘ಡ್ರೆಜ್ಜಿಂಗ್’ ಎಂಬ ಶಬ್ದವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಳಿವೆಬಾಗಿಲಲ್ಲಿ ಹೂಳು ತುಂಬುವುದು, ಬೋಟಿನ ತಳ ತಾಗುವುದು, ಹೂಳೆತ್ತಿ ಎಂದು ಮನವಿ ಕೊಡುವುದು ವರ್ಷವರ್ಷವೂ ನಡೆಯುವ ಕಥೆ. ಅದೇ ಹೆಸರಿನ ವಿಡಿಯೋ ಗೇಮ್ ಒಂದು ಉಂಟು: ‘ಡ್ರೆಜ್’. ಹಗಲು ಮೀನು ಹಿಡಿಯಬೇಕು, ಸಮುದ್ರದ ತಳದಿಂದ ಹಳೆ ಸಾಮಾನು ಎತ್ತಬೇಕು, ರಾತ್ರಿ ಬದುಕಿ ದಡ ಸೇರಬೇಕು. ತಳದಲ್ಲಿ ಹೂತದ್ದನ್ನು ಮೇಲೆತ್ತಿದರೆ ಏನಾಗುತ್ತದೆ ಎಂಬುದೇ ಅದರ ಭಯದ ಬೇರು.

ನಾನು ಇದನ್ನು ಮೊದಲು ಆಡಿದ್ದು ಮಲ್ಪೆಯ ಮಾವನ ಮನೆಯಲ್ಲಿ, ಜೂನ್ ತಿಂಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ 61 ದಿನ ರಜೆ. ಟ್ರಾಲ್ ಬೋಟಿನ ತಂಡೇಲನಾದ (ಬೋಟು ನಡೆಸುವವನಾದ) ಮಾವ ಹೊರಗೆ ಸುರಿಯುವ ಮಳೆ ನೋಡುತ್ತಾ ನನ್ನ ಹಿಂದೆ ಕೂತಿದ್ದರು. ಪರದೆಯ ಮೇಲಿನ ಪುಟ್ಟ ಬೋಟಿನಲ್ಲಿ ನಾನು ಹಿಡಿದ ಮೀನು ಹಳಸತೊಡಗಿದಾಗ ಅವರು ಕೇಳಿದ ಮೊದಲ ಪ್ರಶ್ನೆ ದೆವ್ವದ ಬಗ್ಗೆ ಅಲ್ಲ. “ಐಸ್ ಓಲುಂಡು ಮಾರಾಯಾ?” ಅಂದರೆ, ಐಸ್ ಎಲ್ಲಿ ಉಂಟು? ಐಸ್ ಇಲ್ಲದೆ ಕಡಲಿಗೆ ಇಳಿಯುವ ಹುಚ್ಚ ಯಾರು ಎಂದು ಅವರ ಅಚ್ಚರಿ. ಈ ಆಟದ ಅರ್ಧ ತಂತ್ರ ಆ ಪ್ರಶ್ನೆಯಲ್ಲೇ ಉಂಟು. ಇಲ್ಲಿ ಗೆಲ್ಲುವುದು ಧೈರ್ಯದಿಂದಲ್ಲ, ಲೆಕ್ಕದಿಂದ.

ಶುರು ಮಾಡುವ ಮೊದಲು

ಆಟ ಬಂದದ್ದು 2023ರ ಮಾರ್ಚ್ 30ರಂದು. ಕಟ್ಟಿದ್ದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ‘ಬ್ಲ್ಯಾಕ್ ಸಾಲ್ಟ್ ಗೇಮ್ಸ್’ ಎಂಬ ಪುಟ್ಟ ತಂಡ, ಪ್ರಕಟಿಸಿದ್ದು ‘ಟೀಮ್17’. ಕಂಪ್ಯೂಟರ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್ ಎಲ್ಲದರಲ್ಲೂ ಸಿಗುತ್ತದೆ, ಆಮೇಲೆ ಮೊಬೈಲಿಗೂ ಬಂತು. ಕನ್ನಡದಲ್ಲಿ ಇಲ್ಲ. ಆದರೆ ಮಾತುಕತೆ ಎಲ್ಲ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಇರುವುದರಿಂದ ಹೈಸ್ಕೂಲ್ ಇಂಗ್ಲಿಷ್ ಸಾಕು. ಸಾಧ್ಯವಾದರೆ ಹೆಡ್‌ಫೋನ್ ಹಾಕಿಕೊಂಡು ಆಡಿ. ಇಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ಸುದ್ದಿ ಮುಟ್ಟುತ್ತದೆ.

ಮಳೆಗಾಲದಲ್ಲಿ ಆಡುವವರು ಒಂದು ಮಾತು ನೆನಪಿಡಿ. ಬೋಟನ್ನು ಧಕ್ಕೆಗೆ (ದಡದಲ್ಲಿ ಬೋಟು ನಿಲ್ಲಿಸುವ ಕಟ್ಟೆಗೆ) ಕಟ್ಟಿದಾಗ ಮಾತ್ರ ಆಟ ತಾನಾಗಿ ಸೇವ್ ಆಗುತ್ತದೆ. ನಡುನೀರಿನಲ್ಲಿರುವಾಗ ಕರೆಂಟ್ ಹೋದರೆ ಆ ದಿನದ ಮೀನು ಹೋದ ಹಾಗೆಯೇ. ಗುಡುಗು ಕೇಳಿಸಿದರೆ ಹತ್ತಿರದ ಧಕ್ಕೆ ಹಿಡಿಯಿರಿ. ಆಟದ ಒಳಗೂ ಹೊರಗೂ ಅದೇ ನಿಯಮ.

ಗಡಿಯಾರದ ಗುಟ್ಟು

ನೀವು ಒಬ್ಬ ಬೆಸ್ತ. ಕೆಲಸದ ಜಾಹೀರಾತು ನೋಡಿ ಹೊರಟು, ಗ್ರೇಟರ್ ಮ್ಯಾರೋ ಎಂಬ ದ್ವೀಪದ ಹತ್ತಿರ ಬೋಟು ಒಡೆದುಕೊಂಡು ಬಂದು ಬಿದ್ದಿದ್ದೀರಿ. ಊರಿನ ಮೇಯರ್ ಇನ್ನೊಂದು ಬೋಟು ಕೊಡುತ್ತಾನೆ, ಪುಕ್ಕಟೆಯಾಗಿ ಅಲ್ಲ, ಸಾಲವಾಗಿ. ಕತ್ತಲಾಗುವ ಮೊದಲು ವಾಪಸು ಬನ್ನಿ ಎಂದು ಎಲ್ಲರೂ ಹೇಳುತ್ತಾರೆ. ಯಾಕೆ ಎಂದು ಯಾರೂ ಸರಿಯಾಗಿ ಹೇಳುವುದಿಲ್ಲ.

ಹೊಸಬರು ಇಲ್ಲಿ ಗಡಿಯಾರ ನೋಡಿ ಗಾಬರಿ ಬೀಳುತ್ತಾರೆ. ಆದರೆ ಈ ಆಟದಲ್ಲಿ ಸಮಯ ತನ್ನಷ್ಟಕ್ಕೆ ಓಡುವುದಿಲ್ಲ. ಬೋಟು ಚಲಿಸಿದರೆ, ಗಾಳ ಹಾಕಿದರೆ, ತಳದಿಂದ ಏನಾದರೂ ಎತ್ತಿದರೆ, ಹೊಸ ಸಲಕರಣೆ ಕೂರಿಸಿದರೆ ಮಾತ್ರ ಮುಳ್ಳು ತಿರುಗುತ್ತದೆ. ನೀರಿನ ನಡುವೆ ಸುಮ್ಮನೆ ನಿಂತರೆ ಕಾಲವೂ ನಿಲ್ಲುತ್ತದೆ. ಹಾಗಾಗಿ ಯಾವಾಗ ದಿಕ್ಕು ತಪ್ಪಿದರೂ ಮೊದಲು ಬೋಟು ನಿಲ್ಲಿಸಿ, ನಕ್ಷೆ ತೆರೆಯಿರಿ, ಬೇಕಾದರೆ ಒಳಗೆ ಹೋಗಿ ಚಾ ಮಾಡಿಕೊಂಡು ಬನ್ನಿ. ಗಡಿಯಾರ ಅಷ್ಟರಲ್ಲಿ ಮುಂದಕ್ಕೆ ಹೋಗುವುದಿಲ್ಲ. ಇದನ್ನು ತಿಳಿಯದೆ ನಾನು ಮೊದಲ ಎರಡು ಗಂಟೆ ಎದೆ ಹೊಡೆದುಕೊಂಡು ಆಡಿದ್ದೆ.

ಮೊದಲ ಮೂರು ದಿನ

ಬೆಳಿಗ್ಗೆ ಧಕ್ಕೆ ಬಿಡಿ. ಹತ್ತಿರದಲ್ಲೇ ನೀರು ಗುಳುಗುಳು ಎನ್ನುತ್ತಾ ಮೀನಿನ ನೆರಳು ಕಾಣುವ ಜಾಗಗಳಿರುತ್ತವೆ. ಅಲ್ಲಿ ನಿಂತು ಗಾಳ ಹಾಕಿ. ಒಂದು ಚಕ್ರ ತೋರುತ್ತದೆ, ಮುಳ್ಳು ಹಸಿರು ಭಾಗಕ್ಕೆ ಬಂದಾಗ ಬಟನ್ ಒತ್ತಿದರೆ ಮೀನು ಬೇಗ ಮೇಲೆ ಬರುತ್ತದೆ. ತಪ್ಪಿದರೆ ಮೀನು ಕೈಬಿಟ್ಟು ಹೋಗುವುದಿಲ್ಲ, ತಡವಾಗುತ್ತದೆ ಅಷ್ಟೆ. ಆದರೆ ತಡ ಎಂದರೆ ಸಮಯ, ಸಮಯ ಎಂದರೆ ಸಂಜೆ.

ಶುರುವಿನಲ್ಲಿ ಸಿಗುವುದು ಕಾಡ್, ಹಾವುಮೀನು, ನಮ್ಮ ನಂಗಿನ ಹಾಗೆ ಚಪ್ಪಟೆ ಇರುವ ಫ್ಲೌಂಡರ್, ಬಂಗುಡೆಯ ದೂರದ ನೆಂಟನಾದ ಮ್ಯಾಕರೆಲ್. (ಬಂಗುಡೆ ಕಂಡದ್ದೇ ಮಾವ ಕುರ್ಚಿ ಮುಂದೆ ಎಳೆದುಕೊಂಡರು.) ಬೊಂಡಾಸ್ (ಸ್ಕ್ವಿಡ್) ಬೇಕಾದರೆ ಕತ್ತಲಿಗೆ ಕಾಯಬೇಕು, ಹಗಲಿನ ಮೀನು ಬೇರೆ, ರಾತ್ರಿಯ ಮೀನು ಬೇರೆ. ಮೊದಲ ಮೂರು ದಿನ ರಾತ್ರಿಯ ಆಸೆಯನ್ನು ಬಿಟ್ಟುಬಿಡಿ. ಒಂದೇ ಜಾಗದಲ್ಲಿ ಕೂತು ಹಿಡಿದರೆ ಅಲ್ಲಿ ಮೀನು ಬರಿದಾಗುತ್ತದೆ, ತುಂಬಿಕೊಳ್ಳಲು ದಿನಗಳು ಬೇಕು. ಹಾಗಾಗಿ ಎರಡು ಮೂರು ಜಾಗಗಳನ್ನು ಸುತ್ತಿ, ಮಧ್ಯಾಹ್ನಕ್ಕೆ ಒಮ್ಮೆ ಮಾರಿ, ಇನ್ನೊಂದು ಸಣ್ಣ ಸುತ್ತು ಹೋಗಿ, ಸೂರ್ಯ ಇಳಿಯುವ ಮೊದಲು ಬಂದು ಮಲಗಿ. ಈ ದಿನಚರಿ ಬೇಸರ ಎನಿಸಬಹುದು. ಆದರೆ ಮೇಯರನ ಸಾಲ ತೀರುವುದು ಇದರಲ್ಲೇ.

ಹೊಟ್ಟೆಯ ಲೆಕ್ಕ

ಈ ಆಟದ ನಿಜವಾದ ಶತ್ರು ನಿಮ್ಮ ಬೋಟಿನ ಹೊಟ್ಟೆ. ಮೀನು ತುಂಬುವ ಜಾಗ ಚೌಕಗಳ ಹಾಸು. ಪ್ರತಿ ಮೀನಿಗೂ ಒಂದೊಂದು ಆಕಾರ: ಹಾವುಮೀನು ಉದ್ದಕ್ಕೆ, ಕೆಲವು ಮೂಲೆ ತಿರುಗಿದ ಹಾಗೆ, ತಾಟೆ ಜಾತಿಯ ಶಾರ್ಕ್ ಸಿಕ್ಕಿದರೆ ಅರ್ಧ ಬೋಟೇ ಅದಕ್ಕೆ. ತಿರುಗಿಸಿ, ಮಗುಚಿ, ಸಂದಿಗೆ ಸಂದಿ ಸೇರಿಸಿ ಕೂರಿಸಬೇಕು. ಇಂಜಿನ್, ಗಾಳ, ದೀಪ, ಬಲೆ ಕೂಡ ಇದೇ ಹಾಸಿನಲ್ಲಿ ತಮ್ಮ ತಮ್ಮ ಜಾಗ ತಿನ್ನುತ್ತವೆ.

ಕಲಿಯಬೇಕಾದದ್ದು ಹೀಗೆ. ದೊಡ್ಡ ಮೀನು ಮೊದಲು ಹಿಡಿಯಿರಿ, ಅದನ್ನು ಅಂಚಿಗೆ ಒರಗಿಸಿ. ಬೋಟಿನ ಅಂಚು ನೇರವಾಗಿಲ್ಲ, ಮುಂದಕ್ಕೆ ಚೂಪಾಗುತ್ತದೆ, ಆ ಮೂಲೆಗಳಿಗೆ ಸಣ್ಣ ಮೀನು. ನಡುವಿನ ಜಾಗವನ್ನು ಕೊನೆಯವರೆಗೆ ಖಾಲಿ ಬಿಡಿ. ಯಾಕೆಂದರೆ ವಾಪಸು ಬರುವ ದಾರಿಯಲ್ಲಿ ಯಾವುದೋ ಒಡೆದ ಹಡಗಿನ ಅವಶೇಷ ಕಾಣುತ್ತದೆ, ಅದರಿಂದ ಎತ್ತಿದ ಮರದ ಹಲಗೆಗೆ, ತಗಡಿಗೆ, ಬಟ್ಟೆಯ ಸುರುಳಿಗೆ ಜಾಗ ಬೇಕಾಗುತ್ತದೆ. ಈ ಸಾಮಾನಿಲ್ಲದೆ ಬೋಟು ದೊಡ್ಡದಾಗುವುದಿಲ್ಲ. ಮೀನು ನಾಳೆಯೂ ಸಿಗುತ್ತದೆ. ಜಾಗ ಇಲ್ಲದಿದ್ದರೆ ಅಗ್ಗದ ಮೀನನ್ನು ಕಡಲಿಗೆ ಎಸೆಯಲು ಹಿಂಜರಿಯಬೇಡಿ. ಮಾವನಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ, “ಹಿಡಿದ ಮೀನನ್ನು ಬಿಸಾಡುವುದಾ?” ಎಂದು ಅರ್ಧ ಗಂಟೆ ಮಾತು ಬಿಟ್ಟಿದ್ದರು.

ಐಸ್ ವಿಷಯಕ್ಕೆ ಬರುವ. ಹಿಡಿದ ಮೀನು ತಾಜಾ ಇರುವುದು ಸ್ವಲ್ಪ ಹೊತ್ತು. ಆಮೇಲೆ ಹಳಸುತ್ತದೆ, ದರ ಬೀಳುತ್ತದೆ, ಕೊನೆಗೆ ಕೊಳೆಯುತ್ತದೆ. ಆದ್ದರಿಂದ ದೂರದ ಪ್ರದೇಶಕ್ಕೆ ಹೋಗುವಾಗ ಹೋಗುತ್ತಾ ಹಿಡಿಯಬೇಡಿ, ಬರುತ್ತಾ ಹಿಡಿಯಿರಿ. ತಲೆಯಲ್ಲಿ ಇದೊಂದು ಕೂತರೆ ಸಾಕು, ನಿಮ್ಮ ಆದಾಯ ಎದ್ದು ಕಾಣುವಷ್ಟು ಏರುತ್ತದೆ.

ಇನ್ನೊಂದು, ಬಂಡೆಗೆ ತಾಗಿದರೆ ಪೆಟ್ಟು ಬೀಳುವುದು ಇದೇ ಚೌಕಗಳಿಗೆ. ಪೆಟ್ಟು ಬಿದ್ದ ಚೌಕದ ಮೇಲೆ ಮೀನಿದ್ದರೆ ಮೀನು ಹೋಯಿತು, ಇಂಜಿನ್ ಇದ್ದರೆ ಇಂಜಿನ್ ಕೆಟ್ಟಿತು. ಎರಡು ಸಣ್ಣ ಇಂಜಿನ್ ಇಟ್ಟುಕೊಂಡವರು ಒಂದು ಕೆಟ್ಟರೂ ಕುಂಟುತ್ತಾ ಮನೆ ಸೇರುತ್ತಾರೆ. ಒಂದೇ ದೊಡ್ಡದನ್ನು ನಂಬಿದವರು ಅಲ್ಲೇ ತೇಲುತ್ತಿರುತ್ತಾರೆ. ರಿಪೇರಿಗೆ ಹಣ ಉಳಿಸಿಯೇ ಖರ್ಚು ಮಾಡಿ.

ರಾತ್ರಿ

ಸಂಜೆ ಆದ ಹಾಗೆ ಪರದೆಯ ಮೇಲ್ಭಾಗದಲ್ಲಿ ಒಂದು ಕಣ್ಣು ತೆರೆದುಕೊಳ್ಳುತ್ತದೆ. ಅದು ನಿಮ್ಮ ಗಾಬರಿಯ ಅಳತೆ. ಕತ್ತಲಲ್ಲಿ ಹೊತ್ತು ಕಳೆದಷ್ಟೂ ಅದು ಅತ್ತಿತ್ತ ಹೊರಳುತ್ತದೆ, ಕೆಂಪಾಗುತ್ತದೆ. ಮಂಜು ಮುಸುಕುತ್ತದೆ. ಹಗಲಲ್ಲಿ ಇಲ್ಲದ ಬಂಡೆ ರಾತ್ರಿ ಎದುರಿಗೆ ನಿಂತಿರುತ್ತದೆ, ಮತ್ತು ಅದಕ್ಕೆ ಬಡಿದರೆ ಬೋಟಿಗೆ ನಿಜವಾದ ಪೆಟ್ಟೇ. ಕೆಂಪು ಕಣ್ಣಿನ ಕಾಗೆಗಳು ಬಂದು ಮೀನು ಎತ್ತಿಕೊಂಡು ಹೋಗುತ್ತವೆ.

ಎಲ್ಲಕ್ಕಿಂತ ನನಗೆ ಇಷ್ಟವಾದ ಮೋಸ ಬೇರೆ. ದೂರದಲ್ಲಿ ಇನ್ನೊಂದು ಬೋಟಿನ ದೀಪ ಕಾಣುತ್ತದೆ. ಅಬ್ಬ, ಜನ ಉಂಟು ಎಂದು ಆ ಕಡೆ ತಿರುಗಿದರೆ, ದೀಪದ ಕೆಳಗೆ ಬೋಟಲ್ಲ, ಬಾಯಿ. ನಿಜವಾದ ಸಮುದ್ರದಲ್ಲೂ ತಲೆಯ ಮೇಲೆ ಬೆಳಕಿನ ಗಾಳ ಹೊತ್ತು ಬೇಟೆಯಾಡುವ ಆಳದ ಮೀನುಗಳಿವೆಯಲ್ಲ, ಅದರ ರಾಕ್ಷಸ ರೂಪ. ರಾತ್ರಿ ಕಡಲಲ್ಲಿ ದೀಪ ಕಂಡರೆ ಧೈರ್ಯ ಬರುವುದು ನಮ್ಮ ಕಡೆಯ ಪ್ರತಿ ಮನೆಯ ಅನುಭವ. 1901ರಿಂದ ಕಾಪುವಿನ ದೀಪಸ್ತಂಭ ಮಾಡುತ್ತಾ ಬಂದದ್ದು ಅದೇ ಕೆಲಸ. ಆ ನಂಬಿಕೆಯನ್ನೇ ಆಟ ಗಾಳದ ಮುಳ್ಳು ಮಾಡಿಕೊಂಡಿದೆ.

ರಾತ್ರಿ ಹೊರಗಿರಲೇಬೇಕಾದರೆ ಮಾಡಬೇಕಾದದ್ದು: ಮೊದಲ ಹಣದಲ್ಲೇ ಒಳ್ಳೆಯ ದೀಪ ಹಾಕಿಸಿ, ಬೆಳಕು ಇದ್ದಷ್ಟು ಗಾಬರಿ ನಿಧಾನ ಏರುತ್ತದೆ. (ನಮ್ಮ ಕರಾವಳಿಯಲ್ಲಿ ಎಲ್‌ಇಡಿ ಬೆಳಕು ಹಾಕಿ ಮೀನು ಹಿಡಿಯುವುದಕ್ಕೆ 2017ರಿಂದ ನಿಷೇಧ. ಇಲ್ಲಿ ಬೆಳಕು ಹಾಕದಿದ್ದರೆ ನಿಮ್ಮನ್ನೇ ಹಿಡಿಯುತ್ತಾರೆ.) ಹಗಲಲ್ಲಿ ಓಡಾಡಿದ ದಾರಿಯಲ್ಲೇ ಹೋಗಿ, ಬಂಡೆಗಳ ಜಾಗ ನಕ್ಷೆಯಲ್ಲಿ ಗುರುತು ಮಾಡಿಟ್ಟುಕೊಂಡಿರಿ. ಒಂದು ರಾತ್ರಿಗೆ ಒಂದೇ ಕೆಲಸ. ಕಣ್ಣು ಹೊರಳಲು ಶುರುವಾದರೆ ಹಿಡಿದಷ್ಟು ಸಾಕು ಎಂದು ಧಕ್ಕೆಗೆ ತಿರುಗಿ. ಮಲಗಿದರೆ ಗಾಬರಿ ಇಳಿಯುತ್ತದೆ, ಬೇರೆ ಸುಲಭದ ಮದ್ದಿಲ್ಲ. ನಾನು ಮುಳುಗಿದ್ದೆಲ್ಲ “ಇನ್ನೊಂದೇ ಗಾಳ” ಎಂದುಕೊಂಡ ರಾತ್ರಿಗಳಲ್ಲೇ.

ಹಾಗಿದ್ದರೆ ರಾತ್ರಿ ಯಾಕೆ ಹೋಗಬೇಕು? ರಾತ್ರಿಯಷ್ಟೇ ಸಿಗುವ ಮೀನುಗಳು ಹಲವು ಇವೆ, ಊರಿನವರ ಬೇಡಿಕೆಗಳಲ್ಲಿ ಅವೂ ಬರುತ್ತವೆ. ಜೊತೆಗೆ ವಿಕಾರ ಮೀನುಗಳು: ಮೂರು ತಲೆ, ಹೊರಗೆ ಬಂದ ಎಲುಬು, ಮೈಯೆಲ್ಲ ಕಣ್ಣು. ಮಾರಿದರೆ ಸಾಮಾನ್ಯ ಮೀನಿಗಿಂತ ಒಳ್ಳೆಯ ಹಣ. ವ್ಯಾಪಾರಿ ಅದನ್ನೂ ಕೊಳ್ಳುತ್ತಾನೆ, ಅದೇ ಹೆಚ್ಚು ಹೆದರಿಸುವುದು.

ಹಣ ಯಾವುದಕ್ಕೆ ಮೊದಲು

ಹೊಸ ಗಾಳ, ಇಂಜಿನ್ ಮುಂತಾದವನ್ನು ಕೊಳ್ಳುವ ಮೊದಲು ಅವುಗಳ ‘ಸಂಶೋಧನೆ’ ಆಗಬೇಕು. ಅದಕ್ಕೆ ಬೇಕಾದ ಬಿಡಿಭಾಗಗಳು ತಳದಿಂದ ಎತ್ತಿದಾಗ, ಕೆಲಸ ಮಾಡಿಕೊಟ್ಟಾಗ ಸಿಗುತ್ತವೆ. ತಂದ ಭಾಗಗಳನ್ನು ಕೂಡಲೇ ಖರ್ಚು ಮಾಡಬೇಡಿ, ಮುಂದೆ ಯಾವ ನೀರಿಗೆ ಹೋಗುತ್ತೀರಿ ಎಂದು ನೋಡಿ. ಕರಾವಳಿ, ಆಳವಿಲ್ಲದ ನೀರು, ತೆರೆದ ಸಾಗರ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಜ್ವಾಲಾಮುಖಿಯ ನೀರು, ಪಾತಾಳ ಎಂದು ನೀರಿಗೊಂದು ಗಾಳ ಬೇಕು. ಸರಿಯಾದ ಗಾಳ ಇಲ್ಲದೆ ಹೋದರೆ ಕೇವಲ ನೋಡಿ ಬರಬೇಕಾದೀತು.

ನನ್ನ ಕ್ರಮ: ದೀಪ, ಆಮೇಲೆ ಬೋಟಿನ ಒಡಲು ದೊಡ್ಡದು ಮಾಡುವುದು, ಆಮೇಲೆ ಸಾಗರದ ಗಾಳ, ಆಮೇಲೆ ಟ್ರಾಲ್ ಬಲೆ, ಕೊನೆಗೆ ಇಂಜಿನ್. ಬಲೆ ಬೋಟು ಸಾಗುತ್ತಿರುವಾಗಲೇ ತಾನಾಗಿ ಮೀನು ಹಿಡಿಯುತ್ತದೆ, ಅದಕ್ಕೆ ಅದರದ್ದೇ ಚೀಲ ಉಂಟು, ಬಲೆಗೆ ಬಿದ್ದ ಮೀನು ಹೊಟ್ಟೆಯ ಜಾಗ ಕೇಳುವುದಿಲ್ಲ. ಏಡಿ ಬೋನುಗಳನ್ನು ದಿನಾ ಹೋಗುವ ದಾರಿಯಲ್ಲಿ ಇಳಿಸಿಟ್ಟರೆ ಎರಡು ಮೂರು ದಿನಕ್ಕೆ ಪುಕ್ಕಟೆ ಡೆಂಜಿ. ಬೋನು ಸವೆಯುತ್ತದೆ, ನೋಡಿಕೊಳ್ಳಿ.

ಇಂಜಿನ್ ಕೊನೆಗೆ ಯಾಕೆ ಎಂದು ಕೇಳುತ್ತೀರಿ. ಅದಕ್ಕೆ ಉತ್ತರ ಕೆಳಗೆ, ಜನ ಈ ಆಟದ ಬಗ್ಗೆ ಏನಂದರು ಎನ್ನುವ ಕಡೆ ಬರುತ್ತದೆ.

ಐದು ವಸ್ತು, ನಾಲ್ಕು ದಿಕ್ಕು

ಬ್ಲ್ಯಾಕ್‌ಸ್ಟೋನ್ ಐಲ್ ಎಂಬ ಒಂಟಿ ದ್ವೀಪದ ಬಂಗಲೆಯಲ್ಲಿ ಒಬ್ಬ ಸಂಗ್ರಾಹಕ ಇದ್ದಾನೆ. ಅವನಿಗೆ ಸಮುದ್ರದ ತಳದಲ್ಲಿರುವ ಐದು ಹಳೆ ವಸ್ತುಗಳು ಬೇಕು. ತಳದಿಂದ ಎತ್ತುವ ಯಂತ್ರವನ್ನು ಕೊಡುವವನು ಅವನೇ. ವಸ್ತು ತಂದುಕೊಟ್ಟ ಹಾಗೆ ಬದಲಾಗಿ ಒಂದೊಂದು ಶಕ್ತಿ ಕೊಡುತ್ತಾನೆ. ಮೊದಲನೆಯದು ವೇಗ: ಬೋಟು ಬಾಣದ ಹಾಗೆ ಓಡುತ್ತದೆ, ಆದರೆ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಇಂಜಿನ್ ಕಾದು ಪೆಟ್ಟಾಗುತ್ತದೆ. ಎಲ್ಲಿದ್ದರೂ ಒಮ್ಮೆಗೆ ಬ್ಲ್ಯಾಕ್‌ಸ್ಟೋನ್ ಐಲಿಗೆ ತರುವ ಶಕ್ತಿ, ಒಂದು ಜಾಗದ ಮೀನೆಲ್ಲ ಬಾಚಿ ತರುವ ಆದರೆ ಬೇಗ ಕೊಳೆಸುವ ಶಕ್ತಿ, ಬೆನ್ನಟ್ಟುವುದನ್ನು ಸ್ವಲ್ಪ ಹೊತ್ತು ದೂರ ಇಡುವ ಶಕ್ತಿ, ಇವೆಲ್ಲ ಆಮೇಲೆ. ಬಾಚಿ ತರುವುದನ್ನು ಹಣಕ್ಕೆ ಬಳಸಬೇಡಿ, ಯಾರೋ ಕೇಳಿದ ಒಂದು ಮೀನು ಸಿಗದೆ ಸತಾಯಿಸಿದಾಗ ಬಳಸಿ.

ವಸ್ತು ಹುಡುಕುತ್ತಾ ನಾಲ್ಕು ದಿಕ್ಕಿನ ಪ್ರದೇಶಗಳಿಗೆ ಹೋಗಬೇಕು. ಗೇಲ್ ಕ್ಲಿಫ್ಸ್‌ನಲ್ಲಿ ಎತ್ತರದ ಬಂಡೆಗಳ ನಡುವೆ ಇಕ್ಕಟ್ಟಾದ ದಾರಿ. ಆ ದಾರಿಯಲ್ಲಿ ಇನ್ನೊಂದು ಸಂಚಾರಿ ಉಂಟು. ಸದ್ದು ಕೇಳಿದ ಕೂಡಲೇ ಪಕ್ಕದ ಸಂದಿಗೆ ನುಗ್ಗಿ, ನೇರ ಓಡಲು ನೋಡಬೇಡಿ. ಸ್ಟೆಲ್ಲರ್ ಬೇಸಿನ್ ನೋಡಲು ಚಂದದ ಹವಳದ ನೀರು, ಆದರೆ ನಡುಮಧ್ಯದಲ್ಲಿ ಹಾಯಬೇಡಿ. ಅಂಚು ಹಿಡಿದು ಹೋಗಿ ಅಲ್ಲಿನ ಸಂಶೋಧಕಿಯನ್ನು ಮೊದಲು ಕಾಣಿ. ಟ್ವಿಸ್ಟೆಡ್ ಸ್ಟ್ರ್ಯಾಂಡ್ ಪೂರ್ತಿ ಕಾಂಡ್ಲಾ ಕಾಡು, ನಮ್ಮ ಹೊಳೆಬದಿಯ ಕಾಂಡ್ಲಾಗಳ ನಡುವೆ ದೋಣಿಯಲ್ಲಿ ಹೋದವರಿಗೆ ಆ ಕತ್ತಲು ಗೊತ್ತು, ಸಣ್ಣ ಇಂಜಿನ್‌ನಲ್ಲಿ ನಿಧಾನ ಹೋಗುವುದೇ ಕ್ಷೇಮ. ಡೆವಿಲ್ಸ್ ಸ್ಪೈನ್ ಕೊನೆಗೆ.

ಹೀಗೆ ಸುತ್ತುವಾಗ ಮುಖ ಮುಚ್ಚಿಕೊಂಡ ನಾಲ್ವರು ಅಲ್ಲಲ್ಲಿ ಸಿಗುತ್ತಾರೆ, ಮೀನು ಕೇಳುತ್ತಾರೆ. ಅವರನ್ನು ಮಾತಾಡಿಸಿದ ಮೇಲೆ ಉದಾಸೀನ ಮಾಡಬೇಡಿ. ಆಟ ನಿಮಗೆ ಹೇಳುವುದಿಲ್ಲ, ಆದರೆ ಅವರಿಗೆ ಗಡುವು ಉಂಟು. ನಾನು ‘ನಾಳೆ ನೋಡುವ’ ಎಂದು ಬಿಟ್ಟವನ ಜಾಗಕ್ಕೆ ಮತ್ತೆ ಹೋದಾಗ ಮಾತಾಡಲು ಯಾರೂ ಉಳಿದಿರಲಿಲ್ಲ.

ಜನ ಏನಂದರು, ನಾನು ಏನನ್ನುತ್ತೇನೆ

ಆಟಕ್ಕೆ ಒಳ್ಳೆಯ ಸ್ವಾಗತವೇ ಸಿಕ್ಕಿತು. ಬಂದ ವರ್ಷದ ಒಳಗೇ 10 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. 2023ರ ‘ಗೇಮ್ ಅವಾರ್ಡ್ಸ್’ನಲ್ಲಿ ಸ್ವತಂತ್ರ ಆಟಗಳ ಪಟ್ಟಿಯಲ್ಲೂ ಚೊಚ್ಚಲ ಆಟಗಳ ಪಟ್ಟಿಯಲ್ಲೂ ಹೆಸರಿತ್ತು. ಚೊಚ್ಚಲ ಪಟ್ಟಿಯಲ್ಲಿ ತಮಿಳು ಅಮ್ಮನ ಅಡುಗೆಮನೆಯ ಆಟ ‘ವೆಂಬಾ’ ಕೂಡ ಇತ್ತು. ಇಡ್ಲಿ ಒಂದು ಕಡೆ, ಮೀನು ಇನ್ನೊಂದು ಕಡೆ, ಪ್ರಶಸ್ತಿ ಮಾತ್ರ ‘ಕೊಕೂನ್’ ಎಂಬ ಮೂರನೆಯದಕ್ಕೆ ಹೋಯಿತು. ಮೆಚ್ಚಿದವರು ಹೆಚ್ಚಾಗಿ ಹೇಳಿದ್ದು ಒಂದೇ ವಿಷಯ: ಹಾಯಾಗಿ ಮೀನು ಹಿಡಿಯುವ ಆಟ ಮತ್ತು ಹೆದರಿಸುವ ಆಟ, ಎರಡನ್ನು ಒಂದೇ ಬೋಟಿನಲ್ಲಿ ಕೂರಿಸಿದ್ದಾರೆ ಎಂದು.

ದೂರುಗಳೂ ಇದ್ದವು, ಮತ್ತು ಅವು ಸುಳ್ಳಲ್ಲ. ಸುಮಾರು 10 ಗಂಟೆಯಲ್ಲಿ ಕಥೆ ಮುಗಿಯುತ್ತದೆ. ಅದು ತಾ, ಇದು ತಾ ಎನ್ನುವ ಕೆಲಸಗಳು ಪುನರಾವರ್ತನೆ ಆಗುತ್ತವೆ. ಮುಖ್ಯವಾಗಿ, ಅರ್ಧ ದಾಟಿದ ಮೇಲೆ ಭಯ ಉಳಿಯುವುದಿಲ್ಲ. ಈ ಕೊನೆಯ ದೂರಿನ ಬಗ್ಗೆ ನನಗೆ ಒಂದು ಅನುಮಾನ. ಬೋಟಿನ ವೇಗ ಹೆಚ್ಚಾದ ಕ್ಷಣ ಯಾವ ರಾಕ್ಷಸನೂ ನಿಮ್ಮನ್ನು ಮುಟ್ಟಲಾರ, ಯಾವ ದ್ವೀಪವೂ ದೂರವಲ್ಲ, ಯಾವ ಮೀನೂ ಹಳಸದು. ಅಂದರೆ ಭಯವನ್ನು ಕೊಂದದ್ದು ಇಂಜಿನ್. ಮೊದಲ ಸಲ ಆಡಿದಾಗ ಸಿಕ್ಕ ಹಣವನ್ನೆಲ್ಲ ನಾನೂ ಇಂಜಿನ್‌ಗೇ ಸುರಿದೆ, ಮೂರನೆಯ ಪ್ರದೇಶಕ್ಕೆ ಬರುವಷ್ಟರಲ್ಲಿ ಆಕಳಿಕೆ. ಎರಡನೆಯ ಸಲ ನಾಲ್ಕನೆಯ ವಸ್ತು ಸಿಗುವವರೆಗೆ ಹಳೆ ಇಂಜಿನ್‌ಗಳಲ್ಲೇ ದೂಡಿದೆ. ಆಗ ಪ್ರತಿ ಸಂಜೆಯೂ ಸಂಜೆಯಾಗಿತ್ತು.

ಹಾಗೆ ಹೆದರಲು ಮನಸ್ಸಿಲ್ಲದವರಿಗೂ ದಾರಿ ಉಂಟು. ಆಮೇಲಿನ ಅಪ್‌ಡೇಟ್‌ಗಳಲ್ಲಿ ಶಾಂತ ಮೋಡ್ ಬಂದಿದೆ, ಅದರಲ್ಲಿ ಜೀವಿಗಳು ನಿಮ್ಮ ಮೇಲೆ ಬೀಳುವುದಿಲ್ಲ. ಮನೆಯ ಮಕ್ಕಳು ಪಕ್ಕದಲ್ಲಿದ್ದರೆ ಇದನ್ನೇ ಹಾಕಿ. ಮಾವನೂ ಇದರಲ್ಲೇ ಆಡಿದ್ದು, ಕೇಳಿದರೆ ಒಪ್ಪುವುದಿಲ್ಲ.

10 ಗಂಟೆ ಸಾಲದು ಎನ್ನುವವರಿಗೆ ಎರಡು ಹೆಚ್ಚುವರಿ ಭಾಗಗಳಿವೆ. 2023ರ ನವೆಂಬರಿನಲ್ಲಿ ಬಂದ ‘ದಿ ಪೇಲ್ ರೀಚ್’ ಹಿಮದ ಪ್ರದೇಶದ್ದು, ಚಿಕ್ಕದು. 2024ರ ಆಗಸ್ಟ್ 15ರಂದು ಬಂದ ‘ದಿ ಐರನ್ ರಿಗ್’ ಕಡಲ ನಡುವೆ ಕೊರೆಯುವ ಕಂಪನಿಯದ್ದು, ಅದರಿಂದ ಹಳೆಯ ಪ್ರದೇಶಗಳ ನೀರೂ ಕೆಡುತ್ತದೆ. ಒಂದನ್ನೇ ಕೊಳ್ಳುವುದಾದರೆ ಎರಡನೆಯದು. ಆದರೆ ಎರಡನ್ನೂ ಮೂಲ ಕಥೆಯ ಕೊನೆಗೆ ಮುಟ್ಟುವ ಮೊದಲೇ ಆಡಿ, ಮುಗಿಸಿದ ಮೇಲೆ ಮತ್ತೆ ಬೋಟು ಹತ್ತಲು ಮನಸ್ಸು ಬರುವುದಿಲ್ಲ.

ಆ ಕೊನೆಯ ಬಗ್ಗೆ ಒಂದೇ ಸೂಚನೆ. ಐದೂ ವಸ್ತು ಸೇರಿದ ಮೇಲೆ ಸಂಗ್ರಾಹಕ ಹೇಳಿದ ಕೆಲಸಕ್ಕೆ ಕೂಡಲೇ ಹೊರಡಬೇಡಿ. ಗ್ರೇಟರ್ ಮ್ಯಾರೋಗೆ ವಾಪಸು ಹೋಗಿ, ದೀಪಸ್ತಂಭದ ಮುದುಕಿಯನ್ನು ಒಮ್ಮೆ ಮಾತಾಡಿಸಿ. ಆಟಕ್ಕೆ ಎರಡು ಕೊನೆಗಳಿವೆ, ಎರಡನೆಯದರ ಬಾಗಿಲು ಅವಳ ಹತ್ತಿರ ಉಂಟು. ಹೋಗುವುದು ಹಗಲಲ್ಲಿ.